ಹಸಿರು ಶಾಯಿಯಲ್ಲಿ ಬೇಳೆ ಬೆಲ್ಲ

ನನ್ನ ಬಲಗೈಯ ನಡುಬೆರಳಿನ ತುದಿ ಕೆಲವು ತಿಂಗಳಿಂದ ಹಸಿರಾಗಿದೆ. ಸೋಪು, ಸೀಗೆಪುಡಿ, ನಿಂಬೆಹೋಳು, ಯಾವುದಕ್ಕೂ ಅದು ಜಗ್ಗಿಲ್ಲ. ಗಾಂಧಿಬಜಾರಿನಲ್ಲಿ ಸೊಪ್ಪು ಮಾರುವಾಕೆ ಮೆಂತ್ಯದ ಕಟ್ಟು ಕೊಡುವಾಗ ಅದನ್ನು ನೋಡಿ, "ಏನಮ್ಮಾ, ನಮ್ಗಿಂತ ಜಾಸ್ತಿ ನೀವೇ ಸೊಪ್ಪು ಬಿಡಿಸ್ತೀರ?" ಎಂದು ನಕ್ಕಳು. ಶಾಯಿ ಕಣಮ್ಮ ಎಂದೆ. ಈ ವಯಸ್ಸಿನಲ್ಲಿ ಶಾಯಿಯೇ ಎಂಬಂತೆ ನೋಡಿದಳು. ಅಲ್ಲಿ ನಿಂತು ಹೇಳುವ ಕಥೆ ಅದಲ್ಲವಾದ್ದರಿಂದ ನಿಮಗೆ ಹೇಳುತ್ತಿದ್ದೇನೆ. ಪುರುಸೊತ್ತಿದ್ದರೆ ಕೂತುಕೊಳ್ಳಿ.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು. ಕಚೇರಿಯ ಲೋಕದಲ್ಲಿ ಬಣ್ಣಕ್ಕೂ ಜಾತಿಯಿದೆ. ನೀಲಿ, ಕಪ್ಪು ನಮ್ಮಂಥವರ ಪಾಲು. ಹಸಿರು ಗೆಜೆಟೆಡ್ ಅಧಿಕಾರಿಗಳಿಗೇ ಮೀಸಲು. ಇದು ಎಲ್ಲಾದರೂ ಬರೆದಿಟ್ಟ ನಿಯಮವೋ ಬರಿಯ ರೂಢಿಯೋ ನಾನು ಹುಡುಕಿ ನೋಡಲಿಲ್ಲ, ಹುಡುಕುವ ಧೈರ್ಯವಿದ್ದ ಯಾರನ್ನೂ ಕಾಣಲೂ ಇಲ್ಲ. ಹಳೆಯ ಆದೇಶಗಳನ್ನು ಕೆದಕಿ, ಹಿಂದುಮುಂದು ಯೋಚಿಸಿ, ಪುಟಗಟ್ಟಲೆ ಟಿಪ್ಪಣಿಯನ್ನು ನಾನು ನೀಲಿಯಲ್ಲಿ ಬರೆದು ಕಳಿಸುತ್ತಿದ್ದೆ. ಅದರ ಕೆಳಗೆ ಸಾಹೇಬರ ಹಸಿರು ಪೆನ್ನು 'ಒಪ್ಪಿದೆ' ಎಂದು ಗೀಚುತ್ತಿತ್ತು. ಅಡುಗೆಯೆಲ್ಲ ನನ್ನದು, ಒಗ್ಗರಣೆ ಮಾತ್ರ ಅವರದು, ಆದರೆ ಬೀದಿಯವರೆಗೆ ಹೋಗುತ್ತಿದ್ದದ್ದು ಒಗ್ಗರಣೆಯ ಘಮ. ನನಗೆ ಇದರಿಂದ ಹೊಟ್ಟೆ ಉರಿಯುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಕಚೇರಿಯ ಸಾಹೇಬರನ್ನು ಸಂಜೆ ಅಲ್ಲೇ ಬಿಟ್ಟು ಬರಬಹುದಿತ್ತು. ನಮ್ಮ ಮನೆತನಕ್ಕೂ ಒಬ್ಬ ಹಸಿರು ಸಾಹೇಬರಿದ್ದಾರೆ: ನನ್ನ ಗಂಡನ ಅಣ್ಣ, ಮಲ್ಲೇಶ್ವರದ ಭಾವ. ಅವರು ಗೆಜೆಟೆಡ್ ಆದಂದಿನಿಂದ ಭಾನುವಾರದ ಬೆಳಗೆಂದರೆ ಅವರ ವರಾಂಡದಲ್ಲಿ ನೆಂಟರ ಸಾಲು. ಮಕ್ಕಳ ಅಂಕಪಟ್ಟಿ, ರೇಷನ್ ಕಾರ್ಡು, ಪಾಸ್‌ಪೋರ್ಟಿನ ಕಾಗದ, ಎಲ್ಲದರ ಜೆರಾಕ್ಸಿಗೂ ಅವರ ದೃಢೀಕರಣ ಬೇಕು. ತಾವೇ ಎತ್ತಿ ಆಡಿಸಿದ ನನ್ನ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು, "ಒರಿಜಿನಲ್ ಎಲ್ಲಮ್ಮ?" ಎಂದು ಕೇಳಿ, ಒಂದೊಂದಕ್ಷರವನ್ನೂ ತಾಳೆ ನೋಡಿ, ಸ್ಟೀಲ್ ಡಬ್ಬಿಯಿಂದ ಮೊಹರು ತೆಗೆದು ಒತ್ತಿ, ಆಮೇಲೆ ಹಸಿರು ಸಹಿ ಎಳೆಯುತ್ತಿದ್ದರು. ದುಷ್ಟರೇನಲ್ಲ, ಕಾಫಿ ಕೊಡದೆ ಯಾರನ್ನೂ ಕಳಿಸಿದವರಲ್ಲ. ಕಾಯಿಸದೆಯೂ ಕಳಿಸಿದವರಲ್ಲ.

ಆಮೇಲೆ ಕಾಲ ಬದಲಾಯಿತು. ಬಹಳ ಕಡೆ ನಮ್ಮ ಕಾಗದಕ್ಕೆ ನಾವೇ ಸಹಿ ಹಾಕಿಕೊಂಡರೆ ಸಾಕು ಎಂದು ಸರ್ಕಾರವೇ ಹೇಳಿತು. ವರಾಂಡ ಖಾಲಿಯಾಯಿತು, ಭಾವನವರೂ ನಿವೃತ್ತರಾದರು. ನಮ್ಮ ಮನೆಯಲ್ಲಿ ಮಾತ್ರ ಆ ಸುತ್ತೋಲೆ ಜಾರಿಗೆ ಬರಲಿಲ್ಲ. ಸೈಟು ಕೊಳ್ಳುವುದಿರಲಿ, ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕೆಂಬುದಿರಲಿ, ಹಜಾರದ ಗೋಡೆಗೆ ಯಾವ ಬಣ್ಣವೆಂಬುದೇ ಇರಲಿ, ನನ್ನ ಗಂಡ ಗಂಟಲು ಸರಿಮಾಡಿಕೊಂಡು, "ಅಣ್ಣನ್ನ ಒಂದ್ಮಾತು ಕೇಳೋಣ" ಎನ್ನುತ್ತಿದ್ದರು. ಬಸವನಗುಡಿಯಿಂದ ಕಡತ ಮಲ್ಲೇಶ್ವರಕ್ಕೆ ಹೋಗಿ ವಾರ ಕಳೆದು ಹಿಂತಿರುಗುತ್ತಿತ್ತು.

ಈ ವರ್ಷ ಹೋದ ಕಡತ ನನ್ನ ಮಗಳ ಮದುವೆಯದು. ಅವಳಿಗೆ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಕನ್ನಡಕದ ನಂಬರು ಪರೀಕ್ಷಿಸುವ ಕೆಲಸ. ಅಲ್ಲೇ ಲೆಕ್ಕಪತ್ರ ನೋಡುವ ಶ್ರೀರಾಂಪುರದ ಹುಡುಗನನ್ನು ಮೆಚ್ಚಿದ್ದೇನೆ, ನೋಂದಣಿ ಕಚೇರಿಯಲ್ಲಿ ಮದುವೆಯಾಗುತ್ತೇವೆ, ನೀವಿಬ್ಬರೂ ಸಾಕ್ಷಿ ಹಾಕಬೇಕು ಎಂದು ನೇರವಾಗಿ ಹೇಳಿದಳು. ಹುಡುಗ ಸಂಭಾವಿತ. ಜಾತಿ ಬೇರೆ. ನನಗೆ ಒಪ್ಪಿಗೆಯಾಗಿತ್ತು, ನನ್ನ ಗಂಡನಿಗೂ ಆಗಿತ್ತೆಂದು ಅವರ ಮುಖ ಹೇಳುತ್ತಿತ್ತು, ಬಾಯಿ ಮಾತ್ರ ಎಂದಿನ ಮಾತನ್ನೇ ಹೇಳಿತು. ಮಗಳು ಎದ್ದು ಒಳಗೆ ಹೋದಳು. ಆ ಬೆನ್ನು ನೋಡಿದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಸಿಟ್ಟು ಬಂದರೆ ಕೆಲವರು ಪಾತ್ರೆ ಕುಕ್ಕುತ್ತಾರೆ. ನಾನು ಚೀಲ ಹಿಡಿದು ಹಳೆಯ ಸ್ಟೇಷನರಿ ಅಂಗಡಿಗೆ ಹೋಗಿ ಹಸಿರು ಶಾಯಿ ಕೇಳಿದೆ. "ಯಾವ ಸಾಹೇಬ್ರಿಗೆ ಅಮ್ಮಾ?" ಎಂದರು ಅಂಗಡಿಯವರು. "ನನಗೇ, ದಿನಾ ಬರಿಯೋಕೆ" ಎಂದೆ. ಅಷ್ಟು ಹೇಳಿ, ಪರಿಚಯದವರು ಯಾರಾದರೂ ಕೇಳಿಸಿಕೊಂಡರೇನೋ ಎಂದು ಹಿಂದೆ ತಿರುಗಿ ನೋಡಿದ್ದನ್ನು ನೆನೆದರೆ ಈಗ ನಗು ಬರುತ್ತದೆ.

ಮನೆಗೆ ಬಂದು ನನ್ನ ಹಳೆಯ ನಿಬ್ಬಿನ ಪೆನ್ನನ್ನು ಬಿಸಿನೀರಿನಲ್ಲಿ ತೊಳೆದು ಹೊಸ ಶಾಯಿ ತುಂಬಿದೆ. ಒಳಗೆ ಉಳಿದಿದ್ದ ನೀಲಿ ಅಷ್ಟು ಸುಲಭಕ್ಕೆ ಜಾಗ ಬಿಡಲಿಲ್ಲ. ಮೊದಲ ಸಾಲುಗಳು ನವಿಲಿನ ಕತ್ತಿನ ಬಣ್ಣಕ್ಕೆ ಬಂದು, ಆಮೇಲೆ ನಿಧಾನಕ್ಕೆ ಎಳೆ ಮಾವಿನೆಲೆಯ ಹಸಿರಿಗೆ ತಿರುಗಿದವು. ಅಂದಿನಿಂದ ನಾನು ಬರೆದದ್ದೆಲ್ಲ ಹಸಿರೇ. ದಿನಸಿ ಚೀಟಿ, ಇಸ್ತ್ರಿ ಬಟ್ಟೆಯ ಲೆಕ್ಕ, ಉಪ್ಪಿನಕಾಯಿ ಭರಣಿಯ ಮೇಲಿನ ಹೆಸರು. ದೋಷಗಳನ್ನೂ ಹೇಳಿಬಿಡುತ್ತೇನೆ: ಅಗ್ಗದ ಹಾಳೆಯಲ್ಲಿ ಅಕ್ಷರಕ್ಕೆ ಮೀಸೆ ಮೂಡುತ್ತದೆ, ನೀರು ಬಿದ್ದರೆ ಕತೆ ಮುಗಿಯಿತು. ಬಾಗಿಲಿಗೆ ಸಿಕ್ಕಿಸಿದ್ದ ಹಾಲಿನ ಚೀಟಿ ಮಳೆಗೆ ಕರಗಿ, ಹಾಲಿನವನು ಅಂದಾಜಿನ ಮೇಲೆ ಮೊಸರು ಇಟ್ಟು ಹೋದ. ಆದರೂ ಬಿಡಲಿಲ್ಲ. ಮದುಮಗಳ ಕೈತುಂಬ ಹಸಿರು ಗಾಜಿನ ಬಳೆ ತೊಡಿಸಿ ಕಣ್ತುಂಬ ನೋಡುವ ಜನ ನಾವು. ಅದೇ ಕೈ ಹಸಿರಿನಲ್ಲಿ ತನ್ನ ಹೆಸರು ಬರೆದುಕೊಂಡರೆ ಏಕೆ ಕಣ್ಣು ಕೆಂಪಗೆ ಮಾಡಬೇಕು, ನೀವೇ ಹೇಳಿ. ಯುಗಾದಿಯ ತೋರಣಕ್ಕೆ, ಹಿತ್ತಲ ಕರಿಬೇವಿಗೆ ಸಲ್ಲುವ ಬಣ್ಣ ನನಗೆ ಸಲ್ಲದೆ ಹೋಗುವುದು ಯಾವ ನ್ಯಾಯ? ದೊಡ್ಡವರ ಒಪ್ಪಿಗೆ ಕೇಳುವುದನ್ನು ವಿನಯವೆಂದು ನಮಗೆ ಕಲಿಸಿದ್ದರು. ಒಳ್ಳೆಯ ಗುಣವೇ. ಆದರೆ ಒಪ್ಪಿಗೆ ಬರುವ ತನಕ ಸ್ವಂತ ಮಗಳ ಮುಖ ನೋಡಲು ಹೆದರುವುದನ್ನು ನಾನು ವಿನಯವೆನ್ನಲಾರೆ, ಪುಕ್ಕಲುತನ ಎನ್ನುತ್ತೇನೆ.

ಒಂದು ಭಾನುವಾರ ಭಾವನವರೇ ಮೆಟ್ರೊ ಹತ್ತಿ ಬಂದರು. ಆ ಮಾರ್ಗದ ಹೆಸರೂ ಹಸಿರೇ, ದಾರಿಯಲ್ಲಿ ಆ ಹುಡುಗನ ಶ್ರೀರಾಂಪುರವೂ ಸಿಗುತ್ತದೆ. ಅವರು ಕಿಟಕಿಯಾಚೆ ನೋಡಿದರೋ ಇಲ್ಲವೋ ಕಾಣೆ. ಬಂದವರ ಕಣ್ಣಿಗೆ ಮೊದಲು ಬಿದ್ದದ್ದು ಫ್ರಿಜ್ಜಿನ ಮೇಲಿನ ದಿನಸಿ ಚೀಟಿ.

"ಏನಮ್ಮ ಇದು, ಬೇಳೆ ಬೆಲ್ಲ ಎಲ್ಲ ಹಸಿರು ಇಂಕಲ್ಲಿ? ಅದಕ್ಕೊಂದು ಘನತೆ ಇದೆ."

"ಬೇಳೆಗೂ ಇದೆ ಭಾವ" ಎಂದೆ. ಇಷ್ಟು ವರ್ಷದಲ್ಲಿ ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು.

ಅವರು ಕುರ್ಚಿಯಲ್ಲಿ ಕೂತು ತಮ್ಮನ ಕಡೆ ತಿರುಗಿದರು. "ನೋಡಪ್ಪಾ, ಹುಡುಗ ಒಳ್ಳೆಯವನೇ ಇರ್ಬಹುದು. ನಮ್ಮ ಪೈಕಿ ಅಲ್ಲ. ನಾನಂತೂ ಒಪ್ಪಲ್ಲ. ನಾನು ಒಪ್ಪದೆ ನಿಮ್ಮನೇಲಿ ಯಾವ್ದು ನಡ್ದಿದೆ, ಹೇಳು."

ನನ್ನ ಗಂಡ ಕಾಫಿ ಲೋಟವನ್ನೇ ನೋಡುತ್ತ ಕೂತರು. ಉತ್ತರ ನಾನೇ ಕೊಟ್ಟೆ. "ಮದುವೆಗೆ ನೀವು ಬರ್ಬೇಕು ಭಾವ, ಬಂದು ಹರಸ್ಬೇಕು. ಅದಕ್ಕೇ ಕರೀತಿದೀವಿ. ಒಪ್ಪಿಗೆ ಅವಳದ್ದಾಗಿದೆ, ನಂದೂ ಆಗಿದೆ."

ಭಾವನವರು ಅರ್ಧ ಕಾಫಿ ಬಿಟ್ಟು ಎದ್ದರು. ನನ್ನ ಗಂಡ ಅವರನ್ನು ಮೆಟ್ರೊ ನಿಲ್ದಾಣದವರೆಗೆ ಬಿಟ್ಟು ಬಂದು, ಸಂಜೆಯವರೆಗೂ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದರು. ಆಮೇಲೆಯೂ ಆ ವಿಷಯ ಎತ್ತಲಿಲ್ಲ. ಅಪ್ಪ ಬರದಿದ್ದರೆ ಇರಲಿ ಎಂದು ಮಗಳು ಬೇಕಾದ ಮೂರು ಸಾಕ್ಷಿಗಳಲ್ಲಿ ಮೂರನೆಯದಕ್ಕೆ ತನ್ನ ಗೆಳತಿಗೆ ಹೇಳಿಟ್ಟಳು. ಹೇಳಿಟ್ಟು ಬಂದು ನನ್ನ ಪಕ್ಕದಲ್ಲಿ ಕೂತು ಅತ್ತಳು.

ಮದುವೆಯ ದಿನ ನನ್ನ ಗಂಡ ನಮ್ಮ ಜೊತೆ ಆಟೊ ಹತ್ತಿದ್ದೇನೋ ನಿಜ, ನೋಂದಣಿ ಕಚೇರಿಯ ಒಳಗೆ ಮಾತ್ರ ಕಾಲಿಡಲಿಲ್ಲ. ಅಣ್ಣನ ಫೋನ್ ಬರಬಹುದು ಎಂದು ಬಾಗಿಲ ಹೊರಗೇ ನಿಂತರು. ಹುಡುಗ, ಹುಡುಗಿ ಸಹಿ ಹಾಕಿದರು. ಹುಡುಗನ ಅಕ್ಕ ಹಾಕಿದಳು. ನನ್ನ ಸರದಿ ಬಂದಾಗ ಚೀಲದಿಂದ ಪೆನ್ನು ತೆಗೆದು ಸಹಿ ಹಾಕಿದೆ. ಗುಮಾಸ್ತ ಹಸಿರನ್ನು ಕಂಡದ್ದೇ ಒರಗಿದ್ದ ಬೆನ್ನನ್ನು ನೆಟ್ಟಗೆ ಮಾಡಿಕೊಂಡ.

"ಮೇಡಂ, ತಾವು ಯಾವ ಡಿಪಾರ್ಟ್‌ಮೆಂಟು? ಗೆಜೆಟೆಡ್ ಅಂತ ಮೊದ್ಲೇ ಹೇಳೋದಲ್ವಾ, ಕೂರಿಸ್ತಿದ್ದೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಕಡೆಯಿಂದ ಉತ್ತರ ಬಂತು.

"ಗೆಜೆಟೆಡ್ ಅಲ್ಲಪ್ಪಾ, ಅವ್ರು ಹುಡುಗಿ ತಾಯಿ." ನನ್ನ ಗಂಡ ಜನರನ್ನು ಸರಿಸಿಕೊಂಡು ಮೇಜಿನ ಹತ್ತಿರ ಬಂದರು. ಜೇಬಿನಲ್ಲಿ ಅವರದೇ ಬಾಲ್‌ಪೆನ್ನಿತ್ತು, ಅದನ್ನು ಮುಟ್ಟಲಿಲ್ಲ. ನನ್ನ ಮುಂದೆ ಕೈ ಚಾಚಿ, ಗುಮಾಸ್ತನ ಕಡೆ ತಿರುಗಿ ಹೇಳಿದರು: "ನಾನು ತಂದೆ. ಎಲ್ಲಿ ಹಾಕ್ಬೇಕು ಸಹಿ, ತೋರ್ಸಿ."