ಕುಂಕುಮ ಹಚ್ಚಿಸಿಕೊಂಡ ಚೀನೀ ಸಿದ್ಧ

ದೇವರಿಗೆ ಕೈಮುಗಿಯುವಾಗ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ ಮನುಷ್ಯನಿಗೆ ಯಾವಾಗ ಅಂಟಿಕೊಂಡಿತೋ ನಾನರಿಯೆ. ನೋಡಲೆಂದೇ ಪಟ ತಂದು, ಕಟ್ಟು ಹಾಕಿಸಿ, ಹೂ ಮುಡಿಸಿ, ದೀಪ ಹಚ್ಚಿ, ಇಷ್ಟೆಲ್ಲ ಸಿದ್ಧತೆಯಾದ ಮೇಲೆ ಎದುರಿಗೆ ನಿಂತು ರೆಪ್ಪೆ ಮುಚ್ಚಿಬಿಡುವುದು ಒಂದು ವಿಚಿತ್ರ ಶಿಷ್ಟಾಚಾರವೇ ಸರಿ. ಅಂತರ್ಮುಖಿಯಾಗಲು ಹಾಗೆ ಮಾಡುತ್ತಾರೆಂದು ಬಲ್ಲವರು ಹೇಳುತ್ತಾರೆ. ನನ್ನ ವಿಷಯದಲ್ಲಿ ಅಂತರ್ಮುಖತೆಗಿಂತ ಅವಸರದ ಪಾಲೇ ದೊಡ್ಡದು. ಜಾಕೆಟ್ಟಿನ ಒಂದು ತೋಳು ಏರಿಸಿ ಇನ್ನೊಂದನ್ನು ಹುಡುಕುತ್ತಲೇ ಕೈಜೋಡಿಸಿ, ಕಣ್ಣು ಮುಚ್ಚಿ, ಮತ್ತೆ ತೆರೆಯುವಷ್ಟರಲ್ಲಿ ಬಸ್ಸಿನ ದಾರಿಯಲ್ಲಿರುತ್ತೇನೆ. ಈ ದುರಭ್ಯಾಸದ ಫಲವಾಗಿ ಹನ್ನೊಂದು ತಿಂಗಳ ಕಾಲ ನಾನು ಯಾರಿಗೆ ಕೈಮುಗಿಯುತ್ತಿದ್ದೇನೆಂಬುದೇ ನನಗೆ ತಿಳಿಯದೆ ಹೋಯಿತು.

ಸ್ವೀಡನ್ನಿನ ಉಕ್ಕಿನ ಊರು ಸ್ಯಾಂಡ್‌ವಿಕೆನ್ನಿನ ನಮ್ಮ ಫ್ಲ್ಯಾಟಿನಲ್ಲಿ ದೇವರ ಮನೆಯೆಂದರೆ, ಬಟ್ಟೆಬರೆ ಇಡಲೆಂದು ಸ್ವೀಡಿಷರು ಕಟ್ಟಿಕೊಟ್ಟ, ಕಿಟಕಿಯಿಲ್ಲದ ಒಂದು ಪುಟ್ಟ ಕೋಣೆ. ಕೋಟುಗಳನ್ನು ಹೊರಹಾಕಿ ದೇವರನ್ನು ಒಳಗೆ ಕೂರಿಸಿದವಳು ನನ್ನ ಹೆಂಡತಿ ಶಾಲಿನಿ. ಉಡುಪಿಯ ಕಡೆಯವಳಾದ ಅವಳಿಗೆ ಪೂಜೆಯ ವಿಷಯದಲ್ಲಿ ರಾಜಿ ಗೊತ್ತಿಲ್ಲ. ಆದರೂ ಹೊಗೆಯ ಅಲಾರ್ಮಿಗೆ ಹೆದರಿ ಊದುಬತ್ತಿಯನ್ನು ಹಚ್ಚದೆ ಬರಿದೆ ತೋರಿಸಿ ಮುಗಿಸುವ ಒಂದು ಹೊಸ ಸಂಪ್ರದಾಯವನ್ನು ಅವಳು ಇಲ್ಲಿ ಪ್ರತಿಷ್ಠಾಪಿಸಿದ್ದಾಳೆ. ಭಕ್ತಿಯೂ ಕೊಮ್ಯೂನ್ ಎಂಬ ಇಲ್ಲಿನ ಪುರಸಭೆಯ ನಿಯಮವೂ ಹೀಗೆ ಒಂದೇ ಗೂಡಿನಲ್ಲಿ ಸಹಬಾಳ್ವೆ ನಡೆಸಿಕೊಂಡಿವೆ.

ಉಕ್ಕಿನ ತುಣುಕುಗಳನ್ನು ಕನ್ನಡಿಯಂತೆ ಉಜ್ಜಿ, ಸೂಕ್ಷ್ಮದರ್ಶಕದಡಿ ಇಟ್ಟು ದೋಷ ಹುಡುಕುವುದು ನನ್ನ ಕಸುಬು. ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುವವಳು ಚೀನಾದ ಲಿನ್. ಹಿಂದಿನ ವರ್ಷ ಅವಳ ತಾಯಿ ಊರಿನಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ, ಲಿನ್ ದೀರ್ಘ ರಜೆ ಹಾಕಿ, ಮನೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಹೊರಟಳು. ಹೊರಡುವ ಮುನ್ನಾದಿನ ಫೀಕಾ ಎಂಬ ಇಲ್ಲಿನ ಕಾಫಿ ವಿರಾಮದ ಹೊತ್ತಿನಲ್ಲಿ ಒಂದು ಉದ್ದನೆಯ ಕೊಳವೆಯನ್ನು ನನ್ನ ಕೈಗಿತ್ತಳು. ಅದರಲ್ಲಿದ್ದುದು ಅವಳ ಗತಿಸಿದ ತಂದೆ ಸ್ವತಃ ಕುಂಚ ಹಿಡಿದು ಬರೆದ ಚಿತ್ರ; ಅವರದೆಂದು ಅವಳಲ್ಲಿ ಉಳಿದಿದ್ದುದು ಅದೊಂದೇ. ಸುರುಳಿ ಸುತ್ತಿಟ್ಟರೆ ಕಾಗದ ಕೆಡುತ್ತದೆ, ಬಿಸಿಲೂ ಹೀಟರೂ ತಾಗದ ಗೋಡೆಗೆ ತೂಗುಹಾಕಬೇಕು ಎಂದು ಎರಡೆರಡು ಸಲ ಹೇಳಿದಳು.

ಚಿತ್ರದಲ್ಲಿರುವವನು ಚೀನೀಯರ ಎಂಟು ಅಮರ ಸಿದ್ಧರಲ್ಲಿ ಒಬ್ಬ, ಲೀ ಎಂದು ಹೆಸರು. ಈ ಎಂಟು ಮಂದಿಯ ಸಹವಾಸ ಬಹಳ ಸ್ವಾರಸ್ಯದ್ದು. ಒಬ್ಬ ಕತ್ತೆಯ ಮೇಲೆ ಹಿಂದುಮುಂದಾಗಿ ಕೂತು ಸವಾರಿ ಮಾಡಿ, ಮನೆ ಮುಟ್ಟಿದ ಮೇಲೆ ಆ ಕತ್ತೆಯನ್ನು ಕಾಗದದಂತೆ ಮಡಿಸಿ ಇಟ್ಟುಕೊಳ್ಳುತ್ತಾನಂತೆ. ಜನವರಿಯಲ್ಲಿ ಹಿಮದಡಿಯಿಂದ ಕಾರನ್ನು ಅಗೆದು ತೆಗೆಯುವ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಸಿದ್ಧಿ ಬೇರೆ ಕಾಣದು. ಲೀಯ ಕಥೆ ಮಾತ್ರ ಕರುಳು ಹಿಂಡುವಂಥದು. ಸುಂದರ ಪುರುಷನಾಗಿದ್ದ ಅವನು ಒಮ್ಮೆ ದೇಹವನ್ನು ಶಿಷ್ಯನ ವಶಕ್ಕೆ ಒಪ್ಪಿಸಿ, ಏಳು ದಿನ ಕಾಯಬೇಕೆಂದು ಹೇಳಿ, ಆತ್ಮವಾಗಿ ಸಂಚಾರ ಹೊರಟನಂತೆ. ಆರನೆಯ ದಿನ ಶಿಷ್ಯನಿಗೆ ತಾಯಿಯ ಕಾಯಿಲೆಯ ಸುದ್ದಿ ಬಂತು. ಅವಸರಕ್ಕೆ ಗುರುವಿನ ದೇಹವನ್ನು ದಹಿಸಿ ಊರಿಗೆ ಓಡಿದ. ಮರಳಿ ಬಂದ ಗುರುವಿಗೆ ಸಿಕ್ಕಿದ್ದು ಬೂದಿ. ಬೇರೆ ದಾರಿಯಿಲ್ಲದೆ, ದಾರಿಯ ಬದಿಯಲ್ಲಿ ಆಗಷ್ಟೇ ಸತ್ತಿದ್ದ ಕುಂಟ ಭಿಕ್ಷುಕನ ದೇಹವನ್ನು ಹೊಕ್ಕ. ಅಂದಿನಿಂದ ಕಂಕುಳಲ್ಲಿ ಕಬ್ಬಿಣದ ಊರುಗೋಲು, ಹೆಗಲಲ್ಲಿ ಔಷಧಿ ತುಂಬಿದ ಸೋರೆಬುರುಡೆ. ಆ ಶಿಷ್ಯನಿಗಿಂತ ಚೆನ್ನಾಗಿ ನೋಡಿಕೋ ಎಂದು ಲಿನ್ ನಗುತ್ತಾ ಹೇಳಿದಳು, ನಾನೂ ನಕ್ಕೆ.

ಮನೆಗೆ ಬಂದವನು ಗಂಡಂದಿರ ಜಾಯಮಾನಕ್ಕೆ ತಕ್ಕಂತೆ ಅರ್ಧ ವರದಿ ಒಪ್ಪಿಸಿದೆ. ಲಿನ್‌ಳ ತಾಯಿ ಬಿದ್ದಿದ್ದಾರೆ, ಇದು ಅವಳ ಅಪ್ಪನ ಚಿತ್ರ, ಬಿಸಿಲು ಬೀಳದ ಕಡೆ ಹಾಕಬೇಕು ಎಂದೆ. ಲೀ, ಶಿಷ್ಯ, ಊರುಗೋಲು ಯಾವುದನ್ನೂ ಹೇಳಲಿಲ್ಲ. ಆಮೇಲೆ ಅದನ್ನು ಮರೆತೂಬಿಟ್ಟೆ.

ಹನ್ನೊಂದು ತಿಂಗಳ ಬಳಿಕ, ಬರುವ ಶನಿವಾರ ಬಂದು ಚಿತ್ರ ತೆಗೆದುಕೊಂಡು ಹೋಗುತ್ತೇನೆಂದು ಲಿನ್‌ಳ ಸಂದೇಶ ಬಂತು. ಎಲ್ಲಿ ಹಾಕಿದ್ದೀಯೆಂದು ನಾನು ಕೇಳಿದಾಗ ಶಾಲಿನಿ ದೇವರ ಕೋಣೆಯತ್ತ ಕೈ ತೋರಿದಳು. ಇಡೀ ಮನೆಯಲ್ಲಿ ಬಿಸಿಲೂ ಹೀಟರೂ ಇಲ್ಲದ ಗೋಡೆ ಅದೊಂದೇ. ಒಳಗೆ ಹೋಗಿ, ಆ ವರ್ಷದಲ್ಲಿ ಮೊದಲ ಬಾರಿಗೆ ಕಣ್ಣು ತೆರೆದುಕೊಂಡು ದೇವರೆದುರು ನಿಂತೆ. ಶ್ರೀಕೃಷ್ಣನ ಎಡಕ್ಕೆ, ಕೆದರಿದ ಕೂದಲಿನ ಲೀ ನಿಂತಿದ್ದ. ಅವನ ಹಣೆಯ ನಡುವೆ, ದಿನವೂ ಹಚ್ಚಿ ಹಚ್ಚಿ ದಪ್ಪಗಾದ, ಇಲ್ಲಿನ ಕಾಡಿನ ಕೆಂಪು ಲಿಂಗೊನ್ ಹಣ್ಣಿನ ಗಾತ್ರದ ಕುಂಕುಮದ ಬೊಟ್ಟು.

"ಯೋಗದಂಡ, ಕಮಂಡಲು, ಜಟೆ, ಎಲ್ಲಾ ಇದೆ. ಋಷಿ ಅಲ್ದೆ ಇನ್ಯಾರು ಅಂತ ಅನ್ಕೊಳ್ಬೇಕಿತ್ತು ನಾನು?" ಎಂದಳು ಶಾಲಿನಿ.

ನಾನು ಲೀಯ ಕಥೆ ಹೇಳಿದೆ. ಅವಳ ಮುಖ ಬಾಡಿತು. ಉಕ್ಕಿನ ಕಲೆ ತೆಗೆಯುವ ಪರಿಣತನೆಂಬ ಜಂಬದಲ್ಲಿ ನಾನು ಹತ್ತಿಯ ತುದಿಯನ್ನು ಒದ್ದೆ ಮಾಡಿ ಮೆಲ್ಲಗೆ ಒತ್ತಿದೆ. ತೆಳ್ಳನೆಯ ಆ ಕಾಗದ ನೀರನ್ನು ಗಟಗಟ ಕುಡಿದು, ಬೊಟ್ಟಿನ ಅಂಚನ್ನು ಇನ್ನಷ್ಟು ಅಗಲ ಮಾಡಿ ತೋರಿಸಿತು. ಶಾಲಿನಿ ನನ್ನ ಕೈಯಿಂದ ಹತ್ತಿಯನ್ನು ಕಿತ್ತುಕೊಂಡಳು. ಕಥೆಯಲ್ಲಿ ಒಬ್ಬನೇ ಶಿಷ್ಯ ಮಾಡಿದ ಕೆಲಸವನ್ನು ಇಲ್ಲಿ ದಂಪತಿಗಳು ಹಂಚಿಕೊಂಡು ಮಾಡಿದ್ದೆವು. ಸತ್ತ ತಂದೆ ಮತ್ತೆ ಬಂದು ಇನ್ನೊಂದು ಚಿತ್ರ ಬರೆಯಲಾರ ಎಂಬ ಯೋಚನೆಯಿಂದ ಶನಿವಾರದವರೆಗೆ ನನಗೆ ಅನ್ನ ಸೇರಲಿಲ್ಲ.

ಲಿನ್ ಶನಿವಾರ ಬೆಳಿಗ್ಗೆ ಬಂದಳು. ಚಹಾ, ಕುಶಲ, ಹವಾಮಾನ ಎಂದು ನಾನು ಸುತ್ತಿ ಬಳಸುತ್ತಿರುವಾಗಲೇ ಶಾಲಿನಿ ಅವಳ ಕೈಹಿಡಿದು ನೇರ ದೇವರ ಕೋಣೆಗೆ ಕರೆದೊಯ್ದು, ತನಗೆ ಬಂದಷ್ಟು ಸ್ವೀಡಿಷ್‌ನಲ್ಲಿ ತಪ್ಪೊಪ್ಪಿಕೊಂಡಳು. ಲಿನ್ ಚಿತ್ರದ ಮುಂದೆ ನೆಲದ ಮೇಲೆ ಕೂತಳು. ನಾವು ಬಾಗಿಲಲ್ಲಿ ನಿಂತೆವು.

ಕೊನೆಗೆ ಅವಳು ಚಿತ್ರದ ಕೆಳಮೂಲೆಯಲ್ಲಿದ್ದ ಚೌಕನೆಯ ಕೆಂಪು ಮೊಹರನ್ನು ಬೆರಳಿನಿಂದ ತೋರಿಸಿದಳು. ಅದು ಅಪ್ಪನದು ಎಂದಳು. ಅವರ ಕಡೆ ಒಂದು ಪದ್ಧತಿಯಿದೆಯಂತೆ: ಚಿತ್ರವನ್ನು ಬರೆದವನಷ್ಟೇ ಅಲ್ಲ, ಅದನ್ನು ಇಟ್ಟುಕೊಂಡವರು, ಮೆಚ್ಚಿದವರು ಎಲ್ಲರೂ ತಲೆಮಾರುಗಟ್ಟಲೆ ಅದರ ಮೇಲೆ ತಮ್ಮ ಕೆಂಪು ಮೊಹರು ಒತ್ತುತ್ತಾ ಹೋಗುತ್ತಾರೆ, ಕೆಂಪು ಹೆಚ್ಚಿದಷ್ಟೂ ಚಿತ್ರಕ್ಕೆ ಗೌರವ. ಅವಳ ಅಪ್ಪ ಭಾನುವಾರಗಳಲ್ಲಿ ಕುಂಚ ಹಿಡಿಯುತ್ತಿದ್ದ ಶಾಲಾ ಮೇಷ್ಟ್ರು. ಅವರ ಚಿತ್ರಗಳ ಮೇಲೆ ಅವರದಲ್ಲದೆ ಇನ್ನೊಬ್ಬರ ಮೊಹರು ಎಂದೂ ಬೀಳಲಿಲ್ಲ.

"ಇದು ಎರಡನೆಯದು," ಎಂದಳು ಲಿನ್. "ಆದರೆ ಮುಖದ ಮೇಲೆ ಯಾರೂ ಒತ್ತುವುದಿಲ್ಲ."

ಹೇಳುತ್ತಲೇ ನಕ್ಕುಬಿಟ್ಟಳು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಅಳುವೇ ಬಂತು. ವಾರದ ನಂತರ ಮೊದಲ ಬಾರಿಗೆ ಹಸಿವೂ ಆಯಿತು.

ಚಿತ್ರವನ್ನು ಸುತ್ತುವ ಮೊದಲು ಲಿನ್, ಇಷ್ಟು ದಿನ ಇವನಲ್ಲಿ ಏನು ಕೇಳಿಕೊಳ್ಳುತ್ತಿದ್ದೆಯೆಂದು ಶಾಲಿನಿಯನ್ನು ವಿಚಾರಿಸಿದಳು. ಶಾಲಿನಿ ಸಂಕೋಚದಿಂದ ಸೆರಗಿಲ್ಲದ ಸ್ವೆಟರಿನ ತುದಿಯನ್ನೇ ತಿರುವುತ್ತಾ, ನಿನ್ನ ಅಮ್ಮ ಎದ್ದು ನಡೆಯುವಂತಾಗಲಿ ಎಂದು ದಿನವೂ ಕೇಳುತ್ತಿದ್ದೆ, ಕುಂಟನೆಂದು ಗೊತ್ತಿದ್ದರೆ ಕಾಲಿನ ವಿಷಯ ಕೇಳುತ್ತಿರಲಿಲ್ಲ ಎಂದಳು.

ಲಿನ್ ಅವಳನ್ನು ನೋಡಿದಳು, ಚಿತ್ರವನ್ನು ನೋಡಿದಳು. "ಅಮ್ಮ ಈಗ ನಡೆಯುತ್ತಾಳೆ," ಎಂದಳು. "ಕೋಲು ಊರಿಕೊಂಡು."

ಶಾಲಿನಿ ನನ್ನ ಕಡೆ ತಿರುಗಿ, ಕನ್ನಡದಲ್ಲಿ ಮೆಲ್ಲಗೆ ಹೇಳಿದಳು: "ಪಾಪ, ಋಷಿಗಳು ತಮ್ಮ ಹತ್ರ ಇದ್ದಿದ್ದನ್ನೇ ಕೊಟ್ಟಿದಾರೆ ನೋಡಿ."