ಖಾರ ಹಾಕದ ಎಲೆ

ಬೇಸಿಗೆ ರಜೆಯಲ್ಲಿ ನಾನು ಓದುವ ಇಂಗ್ಲಿಷ್ ಕಾದಂಬರಿಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಮೈಕಟ್ಟು. ಒಂದು ಅಧ್ಯಾಯ ಈಗಿನ ಕಾಲದ್ದು, ಮುಂದಿನದು ಎಪ್ಪತ್ತು ಎಂಬತ್ತು ವರ್ಷ ಹಿಂದಿನದು. ಈಗಿನ ಕಾಲದಲ್ಲಿ ಒಬ್ಬಳು ಇರುತ್ತಾಳೆ. ಗಂಡ ಬಿಟ್ಟಿರುತ್ತಾನೆ, ಇಲ್ಲವೇ ಕೆಲಸ ಹೋಗಿರುತ್ತದೆ. ಅವಳ ಪಾಲಿಗೆ ಎಲ್ಲಿಯದೋ ಒಂದು ಹಳೆಯ ಮನೆ ಬರುತ್ತದೆ. ಮನೆಯಲ್ಲಿ ಅಟ್ಟ, ಅಟ್ಟದಲ್ಲಿ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಕಾಗದದ ಕಟ್ಟು. ಆಮೇಲೆ ಅವಳು ಊರೆಲ್ಲ ಕೆದಕುತ್ತಾಳೆ. ಕೊನೆಯ ಅಧ್ಯಾಯದಲ್ಲಿ ಗುಟ್ಟು ರಟ್ಟಾಗುತ್ತದೆ, ಬದುಕಿರುವವರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅಳುತ್ತಾರೆ, ಎಲ್ಲರ ಎದೆ ಹಗುರಾಗುತ್ತದೆ. ಆ ಕೊನೆಯ ಅಧ್ಯಾಯವನ್ನು ನಾನು ಇಪ್ಪತ್ತು ಬೇಸಿಗೆ ನಂಬಿದೆ. ನಂಬಿದ್ದು ನಾನು, ಕಳೆದುಕೊಂಡದ್ದು ಚಿಕ್ಕಮ್ಮ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಏಪ್ರಿಲ್ ತಿಂಗಳಲ್ಲಿ ಉತ್ತರ ಪತ್ರಿಕೆಗಳ ರಾಶಿಯಿಂದ ತಲೆ ಎತ್ತಿದ ದಿನವೇ ಪೇಟೆಯ ಹಳೆ ಪುಸ್ತಕದ ಅಂಗಡಿಗೆ ಹೋಗಿ ಏಳೆಂಟು ಇಂಥವನ್ನೇ ಹುಡುಕಿ ತರುತ್ತಿದ್ದೆ. ದೇರೆಬೈಲಿನ ನಮ್ಮ ಮನೆಯ ತಾರಸಿಗೆ ಅರ್ಧ ಶೀಟು ಹಾಕಿಸಿದ್ದೇವೆ. ಶೀಟಿನ ಅಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ, ನಾನು, ಪುಸ್ತಕ. ಶೀಟಿನ ಆಚೆ ಬಿಸಿಲಿನಲ್ಲಿ ಚಾಪೆ, ಚಾಪೆಯ ಮೇಲೆ ಹಲಸಿನ ಹಪ್ಪಳ, ಹಪ್ಪಳ ಕಾಯಲು ಉದ್ದ ಕೋಲು ಹಿಡಿದ ಚಿಕ್ಕಮ್ಮ.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ಮದುವೆಯಾಗಲಿಲ್ಲ. ಕಣ್ಣು ಮಂಜಾಗುವವರೆಗೂ ಬೀಡಿ ಕಟ್ಟಿದರು. ನನಗೆ ಬುದ್ಧಿ ತಿಳಿದಾಗಿನಿಂದ ನಮ್ಮೊಟ್ಟಿಗೇ ಇದ್ದಾರೆ. ಅವರಿಗೆ ಇಂಗ್ಲಿಷ್ ಬಾರದು, ಕತೆಯ ಹುಚ್ಚು ಮಾತ್ರ ನನಗಿಂತ ಹೆಚ್ಚು. ನಾನು ಓದಿದ್ದನ್ನು ದಿನವೂ ಅಧ್ಯಾಯ ಅಧ್ಯಾಯವಾಗಿ ತುಳುವಿನಲ್ಲಿ ಹೇಳಬೇಕು. ಅದರಲ್ಲೂ ಅವರಿಗೆ ಬೇಕಾದದ್ದು ಹಿಂದಿನ ಕಾಲದ ಅಧ್ಯಾಯಗಳು ಮಾತ್ರ.

"ಹಳೆಯದ್ದು ಹೇಳು ಮಾರಾಯ್ತಿ. ಆ ಹುಡುಗಿ ಕಾಗದ ಸುಟ್ಟಳಾ ಇಲ್ವಾ?"

"ಈಗಿನವಳದ್ದು ಒಂದು ಅಧ್ಯಾಯ ಉಂಟು ಮಧ್ಯದಲ್ಲಿ."

"ಅವಳದ್ದು ಬಿಡು. ಅವಳಿಗೆ ಬೇರೆ ಎಂತ ಕೆಲಸ ಇಲ್ವಾ?"

ಒಮ್ಮೆ, ಯಾವುದೋ ಕತೆಯಲ್ಲಿ ಮೊಮ್ಮಗಳು ಸತ್ತ ಅಜ್ಜಿಯ ಪೆಟ್ಟಿಗೆಯ ಬೀಗ ಒಡೆಯುವ ಕಡೆ, ಚಿಕ್ಕಮ್ಮ ಕೋಲು ಕೆಳಗಿಟ್ಟು ಕೇಳಿದ್ದರು. "ತೆಗೀಲಾ ಅಂತ ಆ ಅಜ್ಜಿಯ ಹತ್ತಿರ ಕೇಳಿದ್ದಾಳಾ ಇವಳು?"

"ಸತ್ತವರ ಹತ್ತಿರ ಹೇಗೆ ಕೇಳುವುದು ಚಿಕ್ಕಮ್ಮ?" ಎಂದು ನಾನು ನಕ್ಕಿದ್ದೆ. ಅವರೂ ನಕ್ಕಿದ್ದರು. ಅಷ್ಟರಲ್ಲಿ ಕಾಗೆ ಬಂತು, ಎದ್ದು ಓಡಿಸಿದರು.

ನನಗೆ ಮಾತ್ರ ಇಷ್ಟವಾಗುತ್ತಿದ್ದವಳು ಈಗಿನ ಕಾಲದವಳೇ. ಅವಳ ಜಾಗದಲ್ಲಿ ನನ್ನನ್ನು ಇಟ್ಟುಕೊಂಡು ಓದುತ್ತಿದ್ದೆ. ಆದರೆ ನನಗೆ ಅಟ್ಟ ಎಲ್ಲಿತ್ತು? ಅಮ್ಮ, ಚಿಕ್ಕಮ್ಮ ಹುಟ್ಟಿದ ಮನೆ ಬೈಕಂಪಾಡಿಯ ಕಡೆ ಇತ್ತು. ಕಾರ್ಖಾನೆಗಳು ಬಂದಾಗ ಗದ್ದೆಯೂ ಹೋಯಿತು, ಮನೆಯೂ ಹೋಯಿತು. ಈಗ ಅಲ್ಲಿ ಎತ್ತರದ ಕಂಪೌಂಡು, ಒಳಗೆ ಲಾರಿಗಳು. ದೊಡ್ಡ ಮಾವ, ಅಂದರೆ ಅಮ್ಮನ ಅಣ್ಣ, ಪಣಂಬೂರಿನ ಈಚೆ ಒಂದು ಕಾಂಕ್ರೀಟು ಮನೆ ಕಟ್ಟಿದರು. ನಮ್ಮದು ಅಳಿಯಕಟ್ಟು, ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಕುಟುಂಬದ ಯಜಮಾನ ಅವರೇ ಆದ್ದರಿಂದ ಈಗ ಅದೇ ನಮ್ಮ ಕುಟುಂಬದ ಮನೆ. ಹಳೆಯ ಮನೆಯಿಂದ ಅಲ್ಲಿಗೆ ಬಂದದ್ದು ಎರಡು ಕಂಚಿನ ತಂಬಿಗೆ, ಒಂದು ಮರದ ಮಣೆ. ಗುಟ್ಟು ಅಡಗಿಸಿಡುವಂಥದ್ದು ಒಂದೂ ಇಲ್ಲ.

ಹಾಗೆಂದು ತಿಳಿದಿದ್ದೆ.

ಮದುವೆಗೆ ಮೊದಲು ನಮ್ಮಲ್ಲಿ ತೀರಿಕೊಂಡ ಹಿರಿಯರಿಗೆ ಬಡಿಸುವ ಕ್ರಮ ಉಂಟು. ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ. ಕುಚ್ಚಲಕ್ಕಿ ಅನ್ನ, ಕೋಳಿ ಪದಾರ್ಥ, ದೋಸೆ. ಅಜ್ಜನ ಎಲೆಯ ಪಕ್ಕದಲ್ಲಿ ಬೀಡಿ, ಬೆಂಕಿಪೆಟ್ಟಿಗೆ. ಮಾವ ಒಬ್ಬೊಬ್ಬರ ಹೆಸರು ಹಿಡಿದು ಕರೆದು, ಬಂದು ಉಣ್ಣಿ, ಕಾರ್ಯ ಚಂದ ಮಾಡಿಕೊಡಿ ಎಂದು ಪ್ರಾರ್ಥನೆ ಮಾಡುತ್ತಾರೆ. ಆಮೇಲೆ ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ನಿಲ್ಲಬೇಕು. ಅವರು ಉಂಡಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುವುದು. ಎಲೆ ಹಾಕಿ ಬಡಿಸುವ ಕೆಲಸ ಮೊದಲಿನಿಂದಲೂ ಚಿಕ್ಕಮ್ಮನದು. ಯಾರಿಗೆ ಎಂತ ಸೇರುತ್ತಿತ್ತು ಎಂಬುದು ನೆನಪಿದ್ದದ್ದು ಅವರೊಬ್ಬರಿಗೆ.

ಆಚೆ ವರ್ಷ ಮಾವನ ಮೊಮ್ಮಗಳ ಮದುವೆಗೆ ಮೊದಲು ಬಡಿಸುವಾಗ ನಾನು ಪಾತ್ರೆ ಹಿಡಿದು ಚಿಕ್ಕಮ್ಮನ ಹಿಂದೆ ನಡೆಯುತ್ತಿದ್ದೆ. ಸಾಲಿನ ತುದಿಯಲ್ಲಿ, ಅಡುಗೆಮನೆ ಬಾಗಿಲಿನ ಮರೆಗೆ, ಬಾಳೆಯ ಕುಡಿಯ ಒಂದು ಸಣ್ಣ ತುಂಡು ಇತ್ತು. ನಾನು ಕೋಳಿ ಪದಾರ್ಥದ ಸೌಟು ಎತ್ತಿದರೆ ಚಿಕ್ಕಮ್ಮ ಕೈ ಅಡ್ಡ ಹಿಡಿದರು. ಸೆರಗಿನ ಮರೆಯಿಂದ ಒಂದು ಸಣ್ಣ ಬಟ್ಟಲು ತೆಗೆದು, ಹಾಲು ಬೆಲ್ಲ ಹಾಕಿ ನುಣ್ಣಗೆ ಕಿವುಚಿದ ಅನ್ನವನ್ನು ಎರಡು ಬೆರಳಿನಲ್ಲಿ ಇಟ್ಟರು.

"ಇದು ಯಾರಿಗೆ?"

"ಹೆಸರು ಗೊತ್ತಿಲ್ಲದವರಿಗೆ."

ಹೆಸರು ಗೊತ್ತಿಲ್ಲದ ಹಿರಿಯರಿಗೆಲ್ಲ ಸೇರಿಸಿ ಇಡುವ ಎಲೆ ಆಚೆ ತುದಿಯಲ್ಲಿ ಆಗಲೇ ಇತ್ತು. ಅದರಲ್ಲಿ ಕೋಳಿಯೂ ಇತ್ತು, ಖಾರವೂ ಇತ್ತು. ಖಾರ ತಿನ್ನದವರು, ಕಿವುಚಿದ ಅನ್ನ ಉಣ್ಣುವವರು ಯಾರು? ನನಗೆ ಮೈ ಜುಮ್ಮೆಂದಿತು. ಸುಳ್ಳು ಹೇಳಿ ಪ್ರಯೋಜನ ಇಲ್ಲ, ಅದು ಖುಷಿಯೇ. ಇಪ್ಪತ್ತು ವರ್ಷ ಪುಸ್ತಕದಲ್ಲಿ ಕಾದದ್ದು ಈಗ ನಮ್ಮ ಮನೆಯಲ್ಲೇ ಸಿಕ್ಕಿತ್ತು. ಎದುರಿಗೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಬಗ್ಗಿ ನಿಂತಿದ್ದರು. ನಾನು ಅವರ ಮುಖ ನೋಡಲಿಲ್ಲ, ಎಲೆ ನೋಡಿದೆ.

ಅಮ್ಮನನ್ನು ಒಂದು ವಾರ ಪೀಡಿಸಿದೆ. ಕೊನೆಗೆ ಬೂತಾಯಿ ಮೀನು ಶುಚಿ ಮಾಡುತ್ತಾ, ತಲೆ ಎತ್ತದೆ ಹೇಳಿದರು. ಚಿಕ್ಕಮ್ಮನಿಗೆ ಹತ್ತೊಂಬತ್ತು ವರ್ಷದಲ್ಲಿ ಒಂದು ಮಗು ಆಗಿತ್ತು. ಅಪ್ಪ ಯಾರೆಂದು ಅಮ್ಮನಿಗೂ ಗೊತ್ತಿಲ್ಲ, ಚಿಕ್ಕಮ್ಮ ಹೇಳಿದವರಲ್ಲ. "ಏಳು ತಿಂಗಳು ಇತ್ತು. ಜ್ವರ ಬಂತು, ಹೋಯ್ತು. ಹಳೇ ಮನೆಯ ಹಿಂದೆ ಹಲಸಿನ ಮರದ ಬುಡದಲ್ಲಿ ಮಣ್ಣು ಮಾಡಿದ್ದು. ಎರಡು ವರ್ಷದಲ್ಲಿ ಆ ಜಾಗವೂ ಹೋಯ್ತು. ಈಗ ಅದರ ಮೇಲೆ ಲಾರಿ ನಿಲ್ಲಿಸ್ತಾರೆ."

ನಾನು ಏನೋ ಹೇಳಲು ಹೋದೆ. ಅಮ್ಮ ಕತ್ತಿ ಕೆಳಗಿಟ್ಟರು. "ಅವಳಿಗೆ ಆ ಎಲೆ ಒಂದೇ ಇರುವುದು. ನೀನು ಬಾಯಿ ಮುಚ್ಚಿಕೊಂಡಿರು, ಆಯ್ತಾ?"

ಬಾಯಿ ಮುಚ್ಚಿಕೊಂಡೇ ಇದ್ದೆ, ಒಂದು ವರ್ಷ. ಕೈ ಸುಮ್ಮನಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಮಾವನ ಮೊಮ್ಮಗನ ಮದುವೆ. ಮಾವನಿಗೆ ಮರೆವು ಶುರುವಾಗಿತ್ತು. ಫೋನ್ ಮಾಡಿ, "ನೀನು ಟೀಚರ್ ಅಲ್ವಾ, ತೀರಿಹೋದವರ ಹೆಸರೆಲ್ಲ ದೊಡ್ಡ ಅಕ್ಷರದಲ್ಲಿ ಒಂದು ಲಿಸ್ಟ್ ಮಾಡಿ ಕೊಡು ಮಾರಾಯ್ತಿ, ನೋಡಿ ಓದ್ತೇನೆ" ಎಂದರು. ಮಾಡಿದೆ. ಅಮ್ಮನ ಹತ್ತಿರ ಕೇಳಿ, ಹಿರಿತನದ ಕ್ರಮ ತಪ್ಪದಂತೆ ಟೈಪ್ ಮಾಡಿದೆ. ಎಲ್ಲರ ಕೆಳಗೆ, ಕೊನೆಯ ಸಾಲಿನಲ್ಲಿ, ಚಿಕ್ಕಮ್ಮನ ಹೆಸರು ಬರೆದು ಅದರ ಮುಂದೆ ‘ಮಗು’ ಎಂದು ಸೇರಿಸಿದೆ. ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಕೂಡ ಮಾಡಿಸಿದೆ, ಪದಾರ್ಥದ ಕೈ ತಾಗಿದರೂ ಹಾಳಾಗಬಾರದಲ್ಲ.

ನನ್ನ ತಲೆಯಲ್ಲಿ ಕೊನೆಯ ಅಧ್ಯಾಯ ತಯಾರಾಗಿತ್ತು. ಮಾವ ಗಟ್ಟಿಯಾಗಿ ಓದುತ್ತಾರೆ. ಐವತ್ತು ವರ್ಷ ಬಾಗಿಲ ಮರೆಯಲ್ಲಿದ್ದ ಮಗು ಸಾಲಿಗೆ ಬರುತ್ತದೆ. ಚಿಕ್ಕಮ್ಮ ಅಳುತ್ತಾರೆ, ಎಲ್ಲರೂ ಅಪ್ಪಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಅಪ್ಪಿಕೊಂಡದ್ದನ್ನು ನಾನು ಈವರೆಗೆ ಕಂಡಿಲ್ಲ. ಆ ನೆನಪೂ ಆಗಲಿಲ್ಲ. ಚಿಕ್ಕಮ್ಮನ ಹತ್ತಿರ ಕೇಳಬೇಕು ಎಂದೂ ಅನಿಸಲಿಲ್ಲ. ಅವರು ಸತ್ತಿರಲಿಲ್ಲ, ಪಕ್ಕದ ಕೋಣೆಯಲ್ಲೇ ಇದ್ದರು, ಕೇಳಬಹುದಿತ್ತು.

ಮಧ್ಯಾಹ್ನ ಎಲೆಗಳ ಮುಂದೆ ಮಾವ ಕನ್ನಡಕ ಏರಿಸಿ ಓದಿದರು. ಸೊಸೆಯಂದಿರು, ಮಕ್ಕಳು, ಮರಿಮಕ್ಕಳು ಎಲ್ಲ ಕೈಮುಗಿದು ನಿಂತಿದ್ದರು. ಕೊನೆಯ ಸಾಲಿಗೆ ಬಂದಾಗ ಮಾವ ಅದೇ ಸ್ವರದಲ್ಲಿ ಚಿಕ್ಕಮ್ಮನ ಹೆಸರು ಹಿಡಿದು ಕರೆದರು. ಅಲ್ಲಿಗೆ ನಿಂತರು. ಉಣ್ಣಲು ಬನ್ನಿ ಎಂದು ಸತ್ತವರನ್ನು ಕರೆಯುವ ಸಾಲಿನಲ್ಲಿ, ಬದುಕಿ ಎದುರಿಗೇ ನಿಂತಿದ್ದವರ ಹೆಸರು. ಯಾರೋ ಒಬ್ಬಳು ಸೊಸೆ "ಅಯ್ಯೋ ದೇವರೇ" ಎಂದಳು. ಇಷ್ಟು ಪುಸ್ತಕ ಓದಿದವಳಿಗೆ ಇದೊಂದು ಹೊಳೆದಿರಲಿಲ್ಲ.

"ಮಗು? ಇದು ಎಂತ ಬರೆದದ್ದು?" ಮಾವ ನನ್ನನ್ನು ನೋಡಿದರು. ಆಮೇಲೆ ಬಾಗಿಲ ಮರೆಯ ಸಣ್ಣ ಎಲೆಯನ್ನು ನೋಡಿದರು. ಅವರ ಸ್ವರದಲ್ಲಿ ಸಿಟ್ಟಿರಲಿಲ್ಲ, ಸುಸ್ತು ಇತ್ತು. "ಈ ಎಲೆ ಇಷ್ಟು ವರ್ಷದಿಂದ ಉಂಟು ಅಂತ ನನಗೆ ಗೊತ್ತಿಲ್ವಾ? ಕಾಣದ ಹಾಗೆ ಇದ್ದೆ. ಈಗ ಓದಿ ಆಯ್ತು, ಎಲ್ಲರೂ ಕೇಳಿ ಆಯ್ತು. ಸತ್ತ ಮೇಲಿನ ಕ್ರಮ ಮಾಡಿ ಹಿರಿಯರೊಟ್ಟಿಗೆ ಸೇರಿಸದವರಿಗೆ ಎಲೆ ಇಡಲಿಕ್ಕೆ ಉಂಟಾ? ನಾನು ಯಜಮಾನ ಆಗಿ ಇನ್ನು ಹೇಗೆ ಸುಮ್ಮನಿರುವುದು?"

"ಹೆಣ್ಣಿನ ಮಕ್ಕಳು ಈ ಮನೆಯವರೇ ಅಲ್ವಾ ಮಾವ? ನಾನು ಹಾಗೇ ಅಲ್ವಾ ಈ ಮನೆಯವಳಾದದ್ದು?"

"ನೀನು ಓದಿದವಳು. ನಿನಗೆ ಮಾತು ಬರ್ತದೆ."

ನಾನು ಇನ್ನೂ ವಾದ ಮಾಡಲು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ಬಗ್ಗಿ ಆ ಎಲೆಯನ್ನು ಮಡಚಿದರು. ಅನ್ನ ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹಿತ್ತಲಿಗೆ ಹೋದರು. ಅಳಲಿಲ್ಲ. ನಾವು ಬಾಗಿಲು ಮುಚ್ಚಿ ಅಂಗಳದಲ್ಲಿ ನಿಂತಾಗ ನಳ್ಳಿಯ ಹತ್ತಿರ ಕೈ ತೊಳೆದುಕೊಂಡು ಬಂದು ನನ್ನ ಪಕ್ಕದಲ್ಲೇ ನಿಂತರು. "ಪಾಯಸಕ್ಕೆ ಸಕ್ಕರೆ ಸಾಕಾ ನೋಡು ಮತ್ತೆ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾವನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಆದರೆ ಐವತ್ತು ವರ್ಷ ಕಂಡೂ ಕಾಣದ ಹಾಗೆ ಇದ್ದವರು ಅವರು. ಒಂದೇ ವರ್ಷ ಹಾಗಿರಲು ಆಗದವಳು ನಾನು. ಅಮ್ಮ ಎರಡು ತಿಂಗಳು ನನ್ನೊಟ್ಟಿಗೆ ಮಾತು ಬಿಟ್ಟಿದ್ದರು, ಅದು ಸರಿಯಾಗಿಯೇ ಇತ್ತು.

ಈ ಬೇಸಿಗೆಯಲ್ಲಿ ಮತ್ತೊಂದು ಮದುವೆ ಬಂತು. ಚಿಕ್ಕಮ್ಮ ಎಂದಿನಂತೆ ಎಲೆ ಹಾಕಿದರು, ಅಜ್ಜನಿಗೆ ಬೀಡಿ ಇಟ್ಟರು. ಅಡುಗೆಮನೆ ಬಾಗಿಲಿನ ಹತ್ತಿರ ಬರೀ ನೆಲ ಇತ್ತು. ಆ ಕಡೆ ತಿರುಗಿಯೂ ನೋಡಲಿಲ್ಲ. ಮಾವನ ಕೈಯಲ್ಲಿ ಅದೇ ಲಿಸ್ಟು. ಕೊನೆಯ ಸಾಲಿನ ಮೇಲೆ ಕಪ್ಪು ಮಾರ್ಕರ್ ಎಳೆದಿದ್ದರು. ಲ್ಯಾಮಿನೇಶನ್ ಮೇಲೆ ಮಾರ್ಕರ್ ನಿಲ್ಲುವುದಿಲ್ಲ. ಬೆರಳು ತಾಗಿದಲ್ಲೆಲ್ಲ ಅಳಿಸಿ, ನಾನು ಬರೆದದ್ದು ಅರ್ಧಂಬರ್ಧ ಕಾಣುತ್ತಿತ್ತು.

ತಾರಸಿಗೆ ಚಿಕ್ಕಮ್ಮ ಈಗಲೂ ಬರುತ್ತಾರೆ, ಹಪ್ಪಳ ಒಣಗಬೇಕಲ್ಲ. ಒಂದು ದಿನ ನಾನಾಗಿಯೇ, "ಕತೆ ಹೇಳ್ಲಾ?" ಎಂದು ಕೇಳಿದೆ.

"ಬೇಡ. ನಿನ್ನ ಕತೆಯಲ್ಲಿ ಕೊನೆಗೆ ಎಲ್ಲ ಗೊತ್ತಾಗ್ತದೆ."

ಪುಸ್ತಕ ಬಿಟ್ಟೆ ಎಂದು ಬರೆಯಲು ಆಸೆ. ಬಿಟ್ಟಿಲ್ಲ. ಈ ವರ್ಷವೂ ನಾಲ್ಕು ತಂದಿದ್ದೇನೆ, ಕೋಣೆಯಲ್ಲಿ ಫ್ಯಾನಿನ ಅಡಿಯಲ್ಲಿ ಬಾಗಿಲು ಹಾಕಿಕೊಂಡು ಓದುತ್ತೇನೆ. ಅಟ್ಟ ಹತ್ತಿ ಪೆಟ್ಟಿಗೆ ತೆರೆಯುವ ಆ ಹೆಂಗಸನ್ನು ಕಂಡರೆ ಈಗ ಮೈ ಉರಿಯುತ್ತದೆ. ಆದರೂ ಪುಟ ತಿರುಗಿಸುತ್ತೇನೆ.

ಹೋದ ವಾರ ಒಂದು ಮಧ್ಯಾಹ್ನ ನನಗೆ ಒಂದು ಯೋಚನೆ ಬಂತು. ಮಾವನ ಮನೆಯಲ್ಲಿ ಬೇಡವಾದರೆ ಬೇಡ, ನಮ್ಮ ಮನೆಯಲ್ಲಿ ಇಡಬಹುದಲ್ಲ. ಬಾಳೆಯ ಕುಡಿ ಕತ್ತರಿಸಿ ತಂದೆ. ಹಾಲು ಬೆಲ್ಲ ಹಾಕಿ ಅನ್ನ ಕಿವುಚಿದೆ, ಅಡುಗೆಮನೆಯ ಮೂಲೆಯಲ್ಲಿ ಎಲೆ ಹಾಕಿ ಬಡಿಸಿದೆ. ಕೈಮುಗಿದು ನಿಂತೆ. ಇನ್ನು ಹೆಸರು ಹಿಡಿದು ಕರೆಯಬೇಕು.

ಏನೆಂದು ಕರೆಯುವುದು? ಎಷ್ಟು ತಿಂಗಳು ಇತ್ತು, ಯಾವ ಮರದ ಬುಡ, ಎಲ್ಲ ಕೇಳಿ ತಿಳಿದುಕೊಂಡಿದ್ದೆ. ಗಂಡೋ ಹೆಣ್ಣೋ ಎಂದು ಕೇಳಿರಲಿಲ್ಲ. ಹೆಸರು ಇಟ್ಟಿದ್ದರೋ ಇಲ್ಲವೋ ಎಂದೂ ಕೇಳಿರಲಿಲ್ಲ.

ತಾರಸಿಗೆ ಹೋದೆ. ಚಿಕ್ಕಮ್ಮ ಹಪ್ಪಳಗಳನ್ನು ಮಗುಚಿ ಹಾಕುತ್ತಿದ್ದರು.

"ಚಿಕ್ಕಮ್ಮ, ಮಗುವಿಗೆ ಎಂತ ಹೆಸರು ಇಟ್ಟಿದ್ರಿ?"

ಅವರು ಚಾಪೆಯ ಆ ಸಾಲು ಮುಗಿಸಿದರು. ಆಮೇಲೆ ನನ್ನನ್ನು ನೋಡಿದರು. ಮುಖದಲ್ಲಿ ಕೋಪ ಇರಲಿಲ್ಲ.

"ಹೆಸರು ನನ್ನ ಹತ್ತಿರ ಉಂಟು. ಅದೊಂದೇ ಉಳಿದದ್ದು. ಅದನ್ನೂ ಹೇಳಿದರೆ ನೀನು ಬರೆದು ಇಡ್ತೀ."

ಕೆಳಗೆ ಬಂದು ಎಲೆ ತೆಗೆದೆ. ಅವರು ಹೇಳಿದ್ದು ಸರಿ. ಹೆಸರೊಂದು ಬಿಟ್ಟು ಉಳಿದದ್ದನ್ನೆಲ್ಲ ನಾನು ಇಲ್ಲಿ ಬರೆದು ಇಟ್ಟಿದ್ದೇನೆ.