ಕೆಂಪುಗಣ್ಣಿನ ಮೊಲಕ್ಕೊಂದು ಸಂಬಂಧ

ಕುಷ್ಟಗಿಯಲ್ಲಿ ಬಸವಣ್ಣೆಮ್ಮ ಕೂಡಿಸಿದ ಸಂಬಂಧ ಯಾವುದೂ ಮುರಿದಿಲ್ಲ ಎಂದು ಪ್ರತೀತಿ. ಮುರಿದವನ್ನು ತಾನು ಕೂಡಿಸಿದ್ದೇ ಅಲ್ಲ ಎಂದು ಆಕೆ ಕೈ ತೊಳೆದುಕೊಳ್ಳುತ್ತಿದ್ದಳು, ಅದು ಬೇರೆ ಮಾತು. ಬಸ್ ಸ್ಟ್ಯಾಂಡಿನ ಹಿಂದೆ ಗಂಡ ವಿರೂಪಾಕ್ಷಪ್ಪನವರ ತೊಗರಿ, ಕಡಲೆ, ಹೆಸರಿನ ವ್ಯಾಪಾರ. ಅವರು ಅಂಗಡಿಯಲ್ಲಿ ಕಾಳನ್ನು ಅಂಗೈಗೆ ಹಾಕಿಕೊಂಡು ಪರೀಕ್ಷಿಸಿದರೆ, ಹೆಂಡತಿ ಒಳಗಿನ ಪಡಸಾಲೆಯಲ್ಲಿ ಮಂದಿಯನ್ನು ಪರೀಕ್ಷಿಸುತ್ತಿದ್ದಳು. ಹಣೆ ನೋಡಿದರೆ ಸಾಕು, ಮನೆತನ ಎಂಥದೆಂದು ಹೇಳಿಬಿಡುತ್ತೇನೆ ಎನ್ನುವುದು ಆಕೆಯ ಹೆಮ್ಮೆ. ಮದುವೆಯಾಗಿ ಬಂದು ಮೂವತ್ತು ವರ್ಷವಾದರೂ ಈ ಹೆಮ್ಮೆಗೆ ಒಂದು ಗೀರೂ ಬಿದ್ದಿರಲಿಲ್ಲ. ಗೀರು ಬೀಳಲು ಮೊಲಗಳು ಬರಬೇಕಾಯಿತು.

ಅದು ಎರಡು ಸಾವಿರದ ನಾಲ್ಕನೆಯ ಇಸವಿ. ವಿರೂಪಾಕ್ಷಪ್ಪನವರ ತಮ್ಮನ ಮಗ ಕೊಟ್ರೇಶ ಯಾವುದೋ ಕಂಪನಿಯ ಮಾತು ಕಟ್ಟಿಕೊಂಡು ಮೊಲ ಸಾಕಣೆಗೆ ಇಳಿದಿದ್ದ. ಹುಟ್ಟಿದ ಮರಿಗಳನ್ನೆಲ್ಲ ತಾವೇ ವಾಪಸ್ ಕೊಳ್ಳುತ್ತೇವೆಂದು ಕಂಪನಿಯವರು ಹೇಳಿದ್ದರು. ಮೊಲಗಳು ತಮ್ಮ ಪಾಲಿನ ಕೆಲಸವನ್ನು ನಿಷ್ಠೆಯಿಂದ ಮಾಡಿ ಮರಿ ಹಾಕಿದವು. ಕಂಪನಿ ಬೋರ್ಡು ಕಳಚಿಕೊಂಡು ಹೋಯಿತು. ಕೊಟ್ರೇಶ ತಲೆಕೆಟ್ಟು, ಎಲ್ಲವನ್ನೂ ಹೈವೇ ಮೇಲಿನ ಧಾಬಾದವನಿಗೆ ಕೊಟ್ಟು ಕೈ ಬಿಡುತ್ತೇನೆಂದ.

"ನಮ್ಮ ಮನೆತನದ ಹುಡುಗ ಸಾಕಿದ ಜೀವ ಧಾಬಾದ ಒಲಿ ಮ್ಯಾಲ ಏರೂದೇನು? ನನ್ನ ಜೀವ ಇರೂತನಕ ಇಲ್ಲ" ಎಂದು ಬಸವಣ್ಣೆಮ್ಮ ಬಾಡಿಗೆಗೆ ಟಂಟಂ ಗಾಡಿ ಮಾಡಿಸಿ ಅಷ್ಟೂ ಮೊಲಗಳನ್ನು ತನ್ನ ಹಿತ್ತಲಿಗೆ ತರಿಸಿಕೊಂಡಳು. ಬಂದ ವಾರದಲ್ಲೇ ಅವು ಗೋದಾಮಿನ ಗೋಡೆಯ ಬುಡ ತೋಡಿ ತೊಗರಿ ಚೀಲ ಹರಿದವು. ವಿರೂಪಾಕ್ಷಪ್ಪ ಹೆಚ್ಚು ಮಾತಾಡುವವರಲ್ಲ. "ದೀಪಾವಳಿಗೆ ಲಕ್ಷ್ಮಿ ಕೂಡಿಸೂದರಾಗ ಹಿತ್ತಲ ಖಾಲಿ ಆಗಬೇಕು. ಉಳದದ್ದು ಕೊಟ್ರೇಶಂದು, ಧಾಬಾದಂವಂದು" ಎಂದು ಹೇಳಿ ಮತ್ತೆ ಕಾಳು ನೋಡಲು ಕುಳಿತರು.

ಮೊಲಕ್ಕೆ ಮನೆ ಹುಡುಕುವುದು ಬಸವಣ್ಣೆಮ್ಮನಿಗೆ ಹೊಸದೇನಲ್ಲ, ಹುಡುಗಿಯರಿಗೆ ಹುಡುಕಿದ್ದಳಲ್ಲ. ಬಂದವರನ್ನು ಪಡಸಾಲೆಯಲ್ಲಿ ಕೂರಿಸಿ, ಮಂಡಕ್ಕಿಯ ಸೂಸಲ, ಚಹಾ ಕೊಟ್ಟು, ಯಾವ ಮಠದವರು, ಯಾರ ಕಡೆಯವರು ಎಂದು ವಿಚಾರಿಸಿದ ಮೇಲೆಯೇ ಬುಟ್ಟಿ ಹೊರಗೆ ಬರುತ್ತಿತ್ತು. ಬಂದವರೂ ಹೆಣ್ಣು ನೋಡಲು ಬಂದವರ ಗತ್ತಿನಲ್ಲೇ ಇರುತ್ತಿದ್ದರು. ಬಿಳಿ ಮೈ, ಕಪ್ಪು ಕಣ್ಣಿನವು ಎರಡೇ ದಿನದಲ್ಲಿ ಖಾಲಿಯಾದವು. ಕ್ಯಾಲೆಂಡರಿನಲ್ಲಿ ಇರುವುದು ಅಂಥವೇ ಆದ್ದರಿಂದ ಜನ ಅವನ್ನೇ ನಿಜವಾದ ಮೊಲ ಎಂದು ಒಪ್ಪಿದ್ದರು. ಕರಿ ಮೊಲವನ್ನು ನೋಡಿದವರೆಲ್ಲ "ಅಮಾವಾಸಿ ಹತ್ರ ಬಂತಲ್ರಿ" ಎಂದು ಹಿಂದೆ ಸರಿದರು. ಅಳವಂಡಿಯಿಂದ ಬಂದವನೊಬ್ಬ ಮಾತ್ರ ಕರಿಯದೇ ಬೇಕೆಂದ. ಹೊಸ ಮನೆಯ ಬಾಗಿಲಿಗೆ ದೃಷ್ಟಿಗೆಂದು ಕಟ್ಟಬೇಕಂತೆ. ಕುಂಬಳಕಾಯಿ ಕೊಳೆಯುತ್ತದೆ, ಇದು ಕೊಳೆಯುವುದಿಲ್ಲ ಎನ್ನುವುದು ಅವನ ಲೆಕ್ಕ. ಬಸವಣ್ಣೆಮ್ಮ ಅವನಿಗೆ ಸೂಸಲವನ್ನೂ ಅರ್ಧಕ್ಕೇ ಬಿಡಿಸಿ ಕಳಿಸಿದಳು. ಆ ಕರಿಯದನ್ನು ಕೊನೆಗೆ ಸಾಲಿ ಮಾಸ್ತರರೊಬ್ಬರು ಒಯ್ದರು.

ಬಿಳಿ ಮೈ, ಕೆಂಪು ಕಣ್ಣಿನದೊಂದು ಹೆಣ್ಣು ಮೊಲ ಮಾತ್ರ ಯಾರಿಗೂ ಬೇಡವಾಯಿತು. "ಇದಕ್ಕ ಕಣ್ಣಬ್ಯಾನಿ ಐತೇನ್ರಿ, ನಮ್ಮ ಹುಡುಗರಿಗೆ ಹತ್ತಿದ್ರ?" ಎಂದವರು ಕೆಲವರು. ಕುಡಿದು ಬಂದವರ ಹಾಗೆ ನೋಡುತ್ತದೆ ಎಂದವಳ ಗಂಡ ದಿನಾ ಕುಡಿದೇ ಬರುತ್ತಿದ್ದ, ಅವನನ್ನು ಆಕೆ ಯಾರಿಗೂ ವಾಪಸ್ ಮಾಡಿರಲಿಲ್ಲ. ಬಸವಣ್ಣೆಮ್ಮನ ಹೊಟ್ಟೆ ಉರಿಯಿತು. "ಬಣ್ಣ ನೋಡಿ ಜೀವ ಅಳೆಯೂ ಮಂದಿ ಇವರು, ಇವರ ಮಾರಿಗಿಷ್ಟು ಬೆಂಕಿ ಹಾಕ" ಎಂದು ದಿನಕ್ಕೊಮ್ಮೆಯಾದರೂ ಬೈಯುತ್ತಿದ್ದಳು.

ಈ ಬೈಗುಳವನ್ನು ಹೆಚ್ಚಾಗಿ ಕೇಳುತ್ತಿದ್ದವಳು ಗೌಸಬೀ. ದಿನಾ ಹಿತ್ತಲ ಬಾಗಿಲಿಗೆ ಕಾಯಿಪಲ್ಲೆ ತರುತ್ತಿದ್ದಳು, ಉಳಿದ ಹೂಕೋಸಿನ ಎಲೆಗಳನ್ನು ಮೊಲಗಳಿಗೆ ಹಾಕಿ ಸ್ವಲ್ಪ ಹೊತ್ತು ಕೂರುತ್ತಿದ್ದಳು. ಒಂದು ದಿನ ಆ ಕೆಂಪುಗಣ್ಣಿನದನ್ನು ತೊಡೆಯ ಮೇಲಿಟ್ಟುಕೊಂಡು, "ಅಮ್ಮಾರ, ಇದನ್ನ ನನಗ ಕೊಡ್ರಿ. ಕಣ್ಣು ದಾಳಿಂಬ್ರಿ ಕಾಳು ಇದ್ದಂಗ ಅದಾವು, ಎಷ್ಟು ಛಂದ ಐತಿ" ಎಂದಳು.

ಕೆಂಪು ಕಣ್ಣನ್ನು ಛಂದ ಎಂದ ಏಕೈಕ ವ್ಯಕ್ತಿ ಅವಳು. ಬಸವಣ್ಣೆಮ್ಮ ಆಕೆಯ ಹಣೆ ನೋಡಿದಳು. ಅಲ್ಲಿ ಬೆವರು ಬಿಟ್ಟರೆ ಏನೂ ಇರಲಿಲ್ಲ. "ಅದು ಭಾಳ ನಾಜೂಕ ಐತಿ ಗೌಸಬೀ, ನಿನಗ್ಯಾಕ ಕಷ್ಟ? ಮತ್ತ ಯಾರೋ ಕೇಳಿ ಹೋಗ್ಯಾರ" ಎಂದಳು. ಯಾರೂ ಕೇಳಿರಲಿಲ್ಲ. ಗೌಸಬೀ ಮೊಲವನ್ನು ಕೆಳಗಿಟ್ಟು ಬುಟ್ಟಿ ಹೊತ್ತುಕೊಂಡು ಹೋದಳು.

ಅದೇ ವಾರ ಯಲಬುರ್ಗಾದಿಂದ ಕುಬೇರಪ್ಪ ಬಂದ. ಹಣೆಯ ತುಂಬ ಮೂರು ಪಟ್ಟಿ ವಿಭೂತಿ, ಕೈಗೆ ರುದ್ರಾಕ್ಷಿ, ಮಾತಿಗೊಮ್ಮೆ "ಶಿವಾ ಶಿವಾ". ಬಸವಣ್ಣೆಮ್ಮನ ಪರೀಕ್ಷೆಯಲ್ಲಿ ಇಷ್ಟು ಅಂಕ ಪಡೆದವರು ಹಿಂದೆ ಯಾರೂ ಇರಲಿಲ್ಲ. ಕಂದು ಬಣ್ಣದವೇ ಬೇಕು, ಅಡವಿ ಮೊಲದ ಹಂಗ ಇರಬೇಕು ಎಂದ. ಯಾಕೆ ಎಂದು ಕೇಳುವುದು ಅಂಥ ಹಣೆಗೆ ಅವಮಾನ ಮಾಡಿದಂತೆ. ಎರಡನ್ನು, ಅದೂ ದಪ್ಪನೆಯವನ್ನು, ಆತನೇ ಮೈ ಮುಟ್ಟಿ ಮುಟ್ಟಿ ಆರಿಸಿಕೊಂಡ. "ನೋಡ್ರಿ, ಎಷ್ಟು ಅಕ್ಕರತಿ" ಎಂದು ಬಸವಣ್ಣೆಮ್ಮ ಗಂಡನಿಗೆ ತೋರಿಸಿದಳು.

ಕೆಲವು ದಿನಗಳ ನಂತರ ಮದುವೆ ಗೊತ್ತಾದ ಹುಡುಗಿಗೆ ಸೀರೆ ಉಡಿಸುವ ಕಾರ್ಯಕ್ಕೆಂದು ಯಲಬುರ್ಗಾಕ್ಕೆ ಹೋದ ಬಸವಣ್ಣೆಮ್ಮ ಕುಬೇರಪ್ಪನ ಮನೆಗೂ ಹೋದಳು. ಕೊಟ್ಟ ಹೆಣ್ಣನ್ನು ನೋಡಿ ಬರುವ ಪದ್ಧತಿ ಆಕೆಯದು. ಕುಬೇರಪ್ಪ ಊರಲ್ಲಿರಲಿಲ್ಲ. ಹೆಂಡತಿ ಬಹಳ ಆದರದಿಂದ ಕೂರಿಸಿದಳು. ಮೊಲಗಳೆಲ್ಲಿ ಎಂದು ಕೇಳಿದರೆ ಆ ಹೆಂಗಸು ಗಾಬರಿಯಾದಳು.

"ಅಯ್ಯ, ಮನಿಯಾಗ ಅಲ್ಲರಿ ಅಕ್ಕಾರ! ತಪ್ಪ ತಿಳೀಬ್ಯಾಡ್ರಿ. ನಮ್ಮ ಮನಿಯಾಗ ಅಂಥಾದ್ದು ನಡಿಯಂಗಿಲ್ಲ. ಹೊಲದಾಗ ಮಾಡ್ಯಾರ, ಗೆಳ್ಯಾರು ಕೂಡಿ. ಜಳಕಾ ಮಾಡೇ ಒಳಗ ಬಂದಾರ."

ಬಸವಣ್ಣೆಮ್ಮ ಬಸ್ಸಿನಲ್ಲಿ ಕುಷ್ಟಗಿಯವರೆಗೂ ಅತ್ತಳು. ಆಕೆ ಬುಟ್ಟಿಗೆ ಹುಲ್ಲು ಹಾಸಿ, ಹಣೆಗೆ ಕುಂಕುಮ ಹಚ್ಚಿ ಕಳಿಸಿದ ಜೋಡಿ ಅದು. ಧಾಬಾದ ಒಲೆ ತಪ್ಪಿಸಿ, ಹೊಲದ ಒಲೆಗೆ ತಾನೇ ಕೈಯಾರೆ ಒಪ್ಪಿಸಿದ್ದಳು. ಈ ಸಂಬಂಧವನ್ನು ತಾನು ಕೂಡಿಸಿದ್ದಲ್ಲ ಎನ್ನಲು ಬರುವಂತಿರಲಿಲ್ಲ.

ದೀಪಾವಳಿಯ ಮುನ್ನಾದಿನ ಹಿತ್ತಲಿನಲ್ಲಿ ಉಳಿದದ್ದು ಕೆಂಪುಗಣ್ಣಿನದೊಂದೇ. ಕೊಟ್ರೇಶ ಗೋಣಿಚೀಲ ಹಿಡಿದು ಬೆಳಿಗ್ಗೆಯೇ ಬಂದು ಕಟ್ಟೆಯ ಮೇಲೆ ಕುಳಿತ. "ದೊಡ್ಡವ್ವ, ಒಂದs ಐತಲ್ಲ, ಯಾಕ ಇಷ್ಟು ಜೀವಾ ತಿಂತೀ" ಎಂದ. ಗೌಸಬೀ ಬುಟ್ಟಿ ಇಳಿಸುವ ಮೊದಲೇ ಬಸವಣ್ಣೆಮ್ಮ ಮೊಲವನ್ನು ಆಕೆಯ ಕೈಗೆ ತುರುಕಿದಳು.

"ಒಯ್ಯಿ. ಆದರ ನೋಡು, ನಿನ್ನ ಮಕ್ಕಳ ಮ್ಯಾಲ ಆಣಿ ಮಾಡು, ಇದನ್ನ..."

ಗೌಸಬೀ ಮಾತು ಮುಗಿಸಗೊಡಲಿಲ್ಲ. "ಆಣಿ ಆತ್ರಿ" ಎಂದು ಸೆರಗಿನಲ್ಲಿ ಮೊಲ ಸುತ್ತಿಕೊಂಡು ಹೋದಳು. ಕೊಟ್ರೇಶ ಖಾಲಿ ಚೀಲ ಮಡಚಿದ.

ಆಮೇಲೆ ಬಸವಣ್ಣೆಮ್ಮನ ತಪಾಸಣೆ ಶುರುವಾಯಿತು. ಸೋಮವಾರ ಒಮ್ಮೆ, ಗುರುವಾರ ಒಮ್ಮೆ, ಸಂತೆಯ ದಿನ ಸುಮ್ಮನೆ ಒಮ್ಮೆ. ಗೌಸಬೀಯ ಮನೆಯ ಹೊಸ್ತಿಲ ಹೊರಗೇ ನಿಂತು ಕತ್ತು ಚಾಚಿ ನೋಡುವಳು. ಮೊಲ ಮಂಚದ ಕೆಳಗೆ ಗೋಣಿ ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿರುತ್ತಿತ್ತು, ದಿನದಿಂದ ದಿನಕ್ಕೆ ದಪ್ಪಗಾಗುತ್ತಿತ್ತು. ದಪ್ಪಗಾಗುತ್ತಿರುವುದನ್ನು ಕಂಡು ಬಸವಣ್ಣೆಮ್ಮನಿಗೆ ಇನ್ನಷ್ಟು ಅನುಮಾನ. "ಚಾ ಕುಡೀರಿ ಅಮ್ಮಾರ" ಎಂದರೆ ಸೋಮವಾರ ಉಪವಾಸ, ಗುರುವಾರ ಹೊಟ್ಟೆ ಸರಿಯಿಲ್ಲ, ಸಂತೆಯ ದಿನ ಈಗಷ್ಟೇ ಕುಡಿದು ಬಂದೆ.

ಮೂರು ತಿಂಗಳು ಹೀಗೇ ನಡೆಯಿತು. ಒಂದು ಮಧ್ಯಾಹ್ನ ಗೌಸಬೀ ಮೆಂತ್ಯೆ ಸೊಪ್ಪು ಸೋಸುತ್ತ, ತಲೆ ಎತ್ತದೆ ಕೇಳಿದಳು.

"ಅಮ್ಮಾರ, ಯಲಬುರ್ಗಾದಾಗ ಆ ಕುಬೇರಪ್ಪನವರ ಮನಿಗೆ ಹೋಗಿದ್ರಲ್ಲ?"

"ಹೋಗಿದ್ದೆ. ಮಂದಿ ಅಲ್ಲ ಅವರು."

"ಅಲ್ಲಿ ಚಾ ಕೊಟ್ರೇನ್ರಿ?"

"ಕೊಟ್ರು."

"ಮೊಲದ ಸುದ್ದಿ ಕೇಳಿದ ಮ್ಯಾಲ ಕೊಟ್ರೋ, ಮೊದಲೋ?"

ಕೇಳಿದ ಮೇಲೆಯೇ ಕೊಟ್ಟಿದ್ದರು. ಕಣ್ಣೊರೆಸಿಕೊಳ್ಳುತ್ತ ಬಸವಣ್ಣೆಮ್ಮ ಆ ಚಹಾ ಕುಡಿದಿದ್ದಳು, ಕಪ್ಪು, ಬಸಿ ಎರಡನ್ನೂ ಖಾಲಿ ಮಾಡಿದ್ದಳು. ಅಲ್ಲಿ ಉಪವಾಸವಾಗಲಿ ಹೊಟ್ಟೆನೋವಾಗಲಿ ನೆನಪಿಗೇ ಬಂದಿರಲಿಲ್ಲ. ನಾಚಿಕೆ ಆಕೆಯ ಕಿವಿಯವರೆಗೂ ಏರಿತು. ಹೊಸ್ತಿಲು ದಾಟಿ, ಒಳಗೆ ಚಾಪೆಯ ಅಂಚಿಗೆ ಕುಳಿತು, "ಚಾ ಹಾಕು ಗೌಸಬೀ" ಎಂದಳು.

ಗೌಸಬೀ ಸೊಪ್ಪಿನಿಂದ ಕೈ ತೆಗೆಯಲಿಲ್ಲ.

"ಇವತ್ತ ಬ್ಯಾಡ್ರಿ. ಇವತ್ತ ನೀವು ಮೊಲ ನೋಡಾಕ ಬಂದೀರಿ. ನೋಡ್ರಿ, ಐತಿ. ಒಂದಿನ ಚಾ ಕುಡ್ಯಾಕಂತನs ಬರ್ರಿ, ಅವತ್ತ ಹಾಕ್ತೀನಿ."

ಮರುದಿನ ಸೋಮವಾರ. ಅಂಗಡಿಯ ತುಂಬ ಗಿರಾಕಿಗಳು, ಹಮಾಲರು, ತೊಗರಿ ತಂದ ಒಕ್ಕಲಿಗರು. ಬಸವಣ್ಣೆಮ್ಮ ಸೆರಗು ಹೊದ್ದು ಅವರ ನಡುವೆಯೇ ಹೊರಬಿದ್ದಳು. ವಿರೂಪಾಕ್ಷಪ್ಪ ಕಾಳಿನಿಂದ ತಲೆ ಎತ್ತಿ, "ಮತ್ತ ಮೊಲ ನೋಡಾಕ ಹೊಂಟೇನು?" ಎಂದರು.

"ಅಲ್ಲ" ಎಂದಳು ಬಸವಣ್ಣೆಮ್ಮ, ಬೀದಿಗೂ ಕೇಳುವಂತೆ. "ಗೌಸಬೀ ಮನಿಗೆ, ಚಾ ಕುಡ್ಯಾಕ."